ಬಿಲ್ಲೆ ಎಡ್ವಿನ್ನನ ಎಣಿಕೆ

ಸ್ಕೆಲ್‌ಬೆಕ್ ಕಲ್ಲಿದ್ದಲು ಗಣಿಯ ದೀಪದ ಕೋಣೆಯಲ್ಲಿ ಎಡ್ವಿನ್ ಹೆಪ್ಪಲ್ ಇಪ್ಪತ್ತೆಂಟು ವರ್ಷ ಮನುಷ್ಯರನ್ನು ಎಣಿಸಿದ. ಗಣಿಗೆ ಇಳಿಯುವವನಿಗೆ ದೀಪ ಕೊಟ್ಟು ಅವನ ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆಯನ್ನು ಗೋಡೆಯ ಮೊಳೆಗೆ ನೇತುಹಾಕುವುದು, ಮೇಲೆ ಬಂದವನಿಂದ ದೀಪ ಇಸಿದುಕೊಂಡು ಬಿಲ್ಲೆ ಹಿಂದಕ್ಕೆ ಕೊಡುವುದು, ಇಷ್ಟೇ ಕೆಲಸ. ಪಾಳಿ ಮುಗಿದ ಮೇಲೂ ಗೋಡೆಯಲ್ಲಿ ಒಂದು ಬಿಲ್ಲೆ ಉಳಿದಿದ್ದರೆ ಒಬ್ಬ ಮನುಷ್ಯ ಇನ್ನೂ ನೆಲದಡಿಯಲ್ಲಿದ್ದಾನೆ ಎಂದು ಅರ್ಥ. ಕೆಲಸಕ್ಕೆ ಸೇರಿದ ಮೊದಲ ದಿನ ಹಿರಿಯನೊಬ್ಬ ಅವನಿಗೆ ಒಂದೇ ಪಾಠ ಹೇಳಿದ್ದ: "ಎಣಿಕೆ ಎಲ್ರಿಗೂ ತಪ್ಪತ್ತೆ ಕಣಯ್ಯ. ತಪ್ಪಿದೋನೇ ಮೊದಲು ಕೂಗ್ಬೇಕು. ಬೇರೆಯವರು ಕೇಳೋತನಕ ಕಾಯ್ಬಾರ್ದು."

ಒಂದು ಶುಕ್ರವಾರ ನಾನೂರ ಹನ್ನೆರಡನೇ ಬಿಲ್ಲೆ ಮೊಳೆಯಲ್ಲೇ ಉಳಿಯಿತು. ಮನೆಗೆ ಹೋಗಿರುತ್ತಾನೆ ಬಿಡು ಎಂದು ಮೇಲಧಿಕಾರಿ ಹೇಳಿದರೂ ಎಡ್ವಿನ್ ಕೇಳಲಿಲ್ಲ. ಹುಡುಕುವವರು ಕೆಳಗಿಳಿದು ಮೂರು ಗಂಟೆ ತಡಕಾಡಿದರು. ಆ ಪುಣ್ಯಾತ್ಮ ಸ್ನಾನದ ಮನೆಯ ಬೆಂಚಿನ ಮೇಲೆ ದೀಪ ಬಿಟ್ಟು, ಬಿಲ್ಲೆ ಮರೆತು, ಪಬ್ಬಿನಲ್ಲಿ ಡಾರ್ಟ್ಸ್ ಆಡುತ್ತಿದ್ದ. ಊರು ವರ್ಷವಿಡೀ ನಕ್ಕಿತು. 'ಬಿಲ್ಲೆ ಎಡ್ವಿನ್' ಎಂಬ ಹೆಸರು ಅಂಟಿದ್ದು ಆಗಲೇ. ನಕ್ಕವರಲ್ಲಿ ಗಂಡಸರೇ ಹೆಚ್ಚು. ಗಂಡನನ್ನು ಗಣಿಗೆ ಕಳಿಸಿ ಮನೆಯಲ್ಲಿ ಕೂತ ಹೆಂಗಸರು ಯಾರೂ ಅವನನ್ನು ಆಡಿಕೊಳ್ಳಲಿಲ್ಲ.

ಗಣಿ ಮುಚ್ಚಿದಾಗ ಎಡ್ವಿನ್ ಒಂದು ಹಲಗೆಯನ್ನೂ ಒಂದು ಚೀಲ ಹಳೆಯ ಬಿಲ್ಲೆಗಳನ್ನೂ ಹೊತ್ತುಕೊಂಡು ಸ್ಕೆಲ್‌ಬೆಕ್ ಟೌನ್ ಫುಟ್‌ಬಾಲ್ ಕ್ಲಬ್ಬಿಗೆ ಬಂದ. ಕ್ಲಬ್ಬಿಗೆ ಕಾರ್ಯದರ್ಶಿ ಬೇಕಿತ್ತು, ಸಂಬಳವಿಲ್ಲದ ಆ ಕೆಲಸಕ್ಕೆ ಬೇರೆ ಯಾರೂ ಬಾಯಿ ತೆರೆದಿರಲಿಲ್ಲ. ಕಚೇರಿ ಎಂದರೆ ಬಟ್ಟೆ ಬದಲಾಯಿಸುವ ಕೋಣೆಯ ಪಕ್ಕದ ಗೂಡು. ಅಲ್ಲಿ ಹಲಗೆ ನೇತುಬಿತ್ತು. ಮೇಲಿನ ಸಾಲಿನಲ್ಲಿ ಆಡಬಹುದಾದ ಆಟಗಾರರ ಬಿಲ್ಲೆಗಳು. ಕೆಳಗೆ ಒಂದರ ಪಕ್ಕ ಒಂದು ಮೂರು ಮೊಳೆ. ಕೆಂಪು ಕಾರ್ಡು ತಿಂದು ಮೂರು ಆಟ ಹೊರಗೆ ಕೂರಬೇಕಾದವನ ಬಿಲ್ಲೆ ಮೂರನೇ ಮೊಳೆಗೆ ಇಳಿಯುತ್ತಿತ್ತು. ಒಂದು ಆಟ ಮುಗಿದರೆ ಎರಡಕ್ಕೆ, ಇನ್ನೊಂದು ಮುಗಿದರೆ ಒಂದಕ್ಕೆ, ಕಡೆಯದು ಮುಗಿದರೆ ಮೇಲಕ್ಕೆ. ಹದಿನೇಳು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಲೀಗಿನ ಬೇರೆ ಕ್ಲಬ್ಬಿನವರು ತಮಗೆ ಅನುಮಾನ ಬಂದರೆ ನಿಯಮದ ಪುಸ್ತಕ ತೆಗೆಯುವ ಬದಲು ಎಡ್ವಿನ್‌ಗೆ ಫೋನ್ ಮಾಡುತ್ತಿದ್ದರು.

ಅವನ ಕೈಗೆ ಮಾತ್ರ ಒಂದು ಚಾಳಿ ಇತ್ತು. ಬಿಲ್ಲೆಯನ್ನು ಅವನು ಆಟ ಮುಗಿದ ಮೇಲೆ ಬದಲಿಸುತ್ತಿರಲಿಲ್ಲ, ಅರ್ಧ ವಿರಾಮದಲ್ಲೇ ಬದಲಿಸುತ್ತಿದ್ದ. ಎದುರಾಳಿ ಕ್ಲಬ್ಬಿನವರಿಗೆ ಚಹಾ ಕೊಡಲು ಕೆಟಲ್ ಇಡುವುದು ಆ ಗೂಡಿನಲ್ಲೇ. ಕೆಟಲ್ ಕುದಿಯುವ ತನಕ ನಿಂತವನ ಕೈ ತಾನಾಗಿ ಹಲಗೆಗೆ ಹೋಗುತ್ತಿತ್ತು. ಅರ್ಧ ಆಟ ಆದ ಮೇಲೆ ಉಳಿದರ್ಧ ಎಲ್ಲಿ ಓಡಿಹೋಗುತ್ತದೆ?

ಆ ವರ್ಷ ತಂಡಕ್ಕೆ ಏನೂ ಕೂಡಿಬರಲಿಲ್ಲ. ಗೋಲ್‌ಕೀಪರ್ ಅಟ್ಟದ ಏಣಿಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಒಳ್ಳೆಯ ಡಿಫೆಂಡರ್ ಒಬ್ಬ ಹೆಂಡತಿಯ ಮಾತು ಕೇಳಿ ಶನಿವಾರಗಳನ್ನು ಮನೆಗೆ ಬರೆದುಕೊಟ್ಟ. ಇಪ್ಪತ್ತು ತಂಡಗಳ ಲೀಗಿನಲ್ಲಿ ಕಡೆಯ ಎರಡು ಕೆಳಗಿನ ಲೀಗಿಗೆ ಇಳಿಯಬೇಕು. ಇಪ್ಪತ್ತನೆಯ ಜಾಗ ಕ್ರಿಸ್‌ಮಸ್‌ಗೆ ಮೊದಲೇ ಯಾರಿಗೋ ಮೀಸಲಾಗಿತ್ತು. ಹತ್ತೊಂಬತ್ತನೆಯದನ್ನು ಸ್ಕೆಲ್‌ಬೆಕ್ ಮತ್ತು ಮ್ಯಾರಿಕ್ ಬ್ರಿಜ್ ಒಬ್ಬರ ಮೇಲೊಬ್ಬರು ತಳ್ಳಾಡುತ್ತಿದ್ದರು.

ಇಳಿದರೆ ಏನು ಮಹಾ ಎಂದು ಕೇಳುವವರು ಸ್ಕೆಲ್‌ಬೆಕ್‌ನಲ್ಲಿ ಹುಟ್ಟಿದವರಲ್ಲ. ಗಣಿ ಹೋಯಿತು, ರೈಲು ನಿಲ್ಲುವುದನ್ನು ನಿಲ್ಲಿಸಿತು, ಪ್ರಾರ್ಥನಾ ಮಂದಿರದಲ್ಲಿ ಈಗ ಕಾರ್ಪೆಟ್ ಮಾರುತ್ತಾರೆ. ಶನಿವಾರ ಸಂಜೆ ರೇಡಿಯೋದವನು ಫಲಿತಾಂಶ ಓದುವಾಗ ಮಾತ್ರ ಊರಿನ ಹೆಸರು ಹೊರಗಿನವರ ಕಿವಿಗೆ ಬೀಳುತ್ತಿತ್ತು. ಕೆಳಗಿನ ಲೀಗಿನ ಫಲಿತಾಂಶ ಅವನು ಓದುವುದಿಲ್ಲ.

ಜನವರಿಯ ಕೊನೆಯಲ್ಲಿ ಕೀರನ್ ಸ್ಟೊಬಾರ್ಟ್ ಕೆಂಪು ಕಾರ್ಡು ತಿಂದ. ತಂಡದಲ್ಲಿ ಗೋಲು ಹೊಡೆಯಲು ಬರುತ್ತಿದ್ದುದು ಅವನೊಬ್ಬನಿಗೇ. ಹಂಚು ಹಾಕುವ ಕೆಲಸ, ಇಪ್ಪತ್ತನಾಲ್ಕು ವಯಸ್ಸು, ಮೂಗಿನ ತುದಿಯಲ್ಲಿ ಕೋಪ. ಲೈನ್ಸ್‌ಮನ್ನನ ಕನ್ನಡಕದ ಬಗ್ಗೆ ಅವನು ಆಡಿದ ಮಾತಿಗೆ ಮೂರು ಆಟದ ಶಿಕ್ಷೆ ಬಿತ್ತು. ಬಿಲ್ಲೆ ಮೂರನೇ ಮೊಳೆಗೆ ಇಳಿಯಿತು. ಎರಡು ಆಟ ಹೋದವು, ಎರಡನ್ನೂ ಸೋತರು.

ಮೂರನೆಯದು ಸ್ಕೆಲ್‌ಬೆಕ್‌ನಲ್ಲೇ, ಅದೂ ಮ್ಯಾರಿಕ್ ಬ್ರಿಜ್ ವಿರುದ್ಧ. ಅವರ ಕಾರ್ಯದರ್ಶಿ ಥೆಲ್ಮಾ ಆಸ್ಕ್‌ವಿತ್ ಎಂದಿನಂತೆ ತಾನೇ ಮಾಡಿದ ಹಂದಿಮಾಂಸದ ಪೈ ತಂದಿದ್ದಳು. ಎಡ್ವಿನ್‌ಗಿಂತ ಎರಡು ವರ್ಷ ದೊಡ್ಡವಳು, ವಿಧವೆ, ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ವರ್ಷಕ್ಕೆ ಎರಡು ಭೇಟಿ, ನಡುವೆ ಲೆಕ್ಕವಿಲ್ಲದಷ್ಟು ಫೋನು. "ನಿನ್ನ ಪ್ರೇಯಸಿ ಫೋನು" ಎಂದು ಎಡ್ವಿನ್‌ನ ಹೆಂಡತಿ ಮ್ಯೂರಿಯಲ್ ಛೇಡಿಸುತ್ತಿದ್ದಳು. ಆ ಫೋನುಗಳಲ್ಲಿ ಇರುತ್ತಿದ್ದುದು ಕಾಲುಚೀಲದ ಬಣ್ಣ ಮತ್ತು ಬಸ್ಸು ಬರುವ ಹೊತ್ತು.

ಅರ್ಧ ವಿರಾಮಕ್ಕೆ ಮ್ಯಾರಿಕ್ ಎರಡು ಗೋಲು ಮುಂದಿತ್ತು. ಎಡ್ವಿನ್ ಕೆಟಲ್ ಇಟ್ಟ. ಕೈ ಹಲಗೆಗೆ ಹೋಯಿತು. ಸ್ಟೊಬಾರ್ಟನ ಬಿಲ್ಲೆ ಒಂದನೇ ಮೊಳೆಯಿಂದ ಮೇಲಿನ ಸಾಲಿಗೆ ಏರಿತು.

ಎಪ್ಪತ್ತನೇ ನಿಮಿಷದಲ್ಲಿ ಕಡಲಿನಿಂದ ಫ್ರೆಟ್ ಎದ್ದಿತು. ಈ ಕರಾವಳಿಯಲ್ಲಿ ಕಡಲ ಮಂಜಿಗೆ ಅದೇ ಹೆಸರು. ಬಂದರೆ ಹೇಳದೆ ಕೇಳದೆ ಬಂದು ಕೂರುತ್ತದೆ. ಮೊದಲು ಆ ಬದಿಯ ಗೋಲು ಮಾಯವಾಯಿತು, ಆಮೇಲೆ ಈ ಬದಿಯದು. ಇಪ್ಪತ್ತು ನಿಮಿಷ ಕಾದ ರೆಫರಿ ಕಡೆಗೆ ಆಟವನ್ನೇ ನಿಲ್ಲಿಸಿದ. ಆಟ ರದ್ದು, ಹೊಸದಾಗಿ ಇನ್ನೊಂದು ದಿನ. ಮ್ಯಾರಿಕ್‌ನ ಎರಡು ಗೋಲು ಮಂಜಿನಲ್ಲಿ ಕರಗಿದವು. "ದೇವರು ನಿಮ್ಮ ಕ್ಲಬ್ಬಿಗೆ ಸದಸ್ಯತ್ವ ತಗೊಂಡಿದಾನೆ" ಎಂದಳು ಥೆಲ್ಮಾ, ಕೋಟು ಹಾಕಿಕೊಳ್ಳುತ್ತಾ. ಎಡ್ವಿನ್ ಸಂತೋಷವನ್ನು ಮುಚ್ಚಿಡಲು ಪೈ ತಟ್ಟೆ ತೊಳೆಯತೊಡಗಿದ. ಆ ಗಡಿಬಿಡಿಯಲ್ಲಿ ಹಲಗೆಯ ಕಡೆ ತಿರುಗಿ ನೋಡಲಿಲ್ಲ.

ಮುಂದಿನ ಶನಿವಾರ ಮೇಲಿನ ಸಾಲಿನಲ್ಲಿ ಬಿಲ್ಲೆ ಇತ್ತು. ಅದನ್ನು ನೋಡಿಕೊಂಡೇ ಎಡ್ವಿನ್ ಪಟ್ಟಿ ಬರೆದ. ಸ್ಟೊಬಾರ್ಟ್ ಆಡಿದ, ಎಂಬತ್ತೆಂಟನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದ, ಸ್ಕೆಲ್‌ಬೆಕ್ ಒಂದು ಗೋಲಿನಿಂದ ಗೆದ್ದಿತು. ಮೂರು ಪಾಯಿಂಟು.

ರದ್ದಾದ ಆಟವನ್ನು ಮತ್ತೆ ಆಡಿದ್ದು ಏಪ್ರಿಲ್‌ನ ಒಂದು ಮಂಗಳವಾರ ಸಂಜೆ, ಲೀಗು ಮುಗಿಯಲು ಹನ್ನೊಂದು ದಿನ ಇದ್ದಾಗ. ಎಡ್ವಿನ್ ಆಟಗಾರರ ಪಟ್ಟಿ ಬರೆಯಲು ಕೂತ. ಮೇಲ್ಗಡೆ 'ಫೆಬ್ರವರಿ ಹದಿನಾರರಂದು ರದ್ದಾದ ಆಟದ ಬದಲಿಗೆ' ಎಂದು ಬರೆಯುತ್ತಿದ್ದಂತೆ ಪೆನ್ನು ನಿಂತಿತು. ಆಡಿದರೂ ಆಡದಂತೆಯೇ ಆದ ಆಟ. ಅಂದ ಮೇಲೆ ಶಿಕ್ಷೆಯ ಲೆಕ್ಕಕ್ಕೂ ಅದು ಇಲ್ಲ. ಸ್ಟೊಬಾರ್ಟ್ ಗೆದ್ದುಕೊಟ್ಟ ಶನಿವಾರ ಅವನು ಕೋಟು ಹಾಕಿಕೊಂಡು ಹೊರಗೆ ನಿಂತಿರಬೇಕಿತ್ತು. ನಿಯಮ ಎಡ್ವಿನ್‌ಗೆ ಬಾಯಿಪಾಠ: ಆಡಬಾರದವನು ಆಡಿದರೆ ಆ ಆಟದ ಪಾಯಿಂಟು ವಾಪಸು.

ಅದೇ ಹೊತ್ತಿಗೆ ಪೈ ತಟ್ಟೆ ಹಿಡಿದು ಥೆಲ್ಮಾ ಒಳಗೆ ಬಂದಳು.

"ಎಡ್ವಿನ್, ಒಂದು ಕೇಳ್ತೀನಿ, ನಗಬೇಡ. ಮಂಜು ಬಂದ ದಿನ ಆ ಸ್ಟೊಬಾರ್ಟ್ ನನ್ನ ಪಕ್ಕದಲ್ಲೇ ಕೋಟು ಹಾಕ್ಕೊಂಡು ನಿಂತಿದ್ದ. ಅದು ಮೂರನೇ ಆಟ. ರದ್ದಾದ ಆಟ ಲೆಕ್ಕಕ್ಕೆ ಬರಲ್ಲ ಅಂತ ನನ್ನ ತಲೇಲಿದೆ. ಹಂಗಿದ್ರೆ ಮುಂದಿನ ವಾರ ಅವನು ಹೆಂಗೆ ಆಡ್ದ?"

ಅವಳ ದನಿಯಲ್ಲಿ ಗುಮಾನಿ ಇರಲಿಲ್ಲ. ಗೊತ್ತಿರುವವನನ್ನು ಗೊತ್ತಿಲ್ಲದವಳು ಕೇಳುವ ದನಿ ಅದು.

"ಬರತ್ತೆ" ಎಂದ ಎಡ್ವಿನ್. "ಅರ್ಧಕ್ಕಿಂತ ಜಾಸ್ತಿ ಆಡಿದ್ರೆ ಲೆಕ್ಕಕ್ಕೆ ಬರತ್ತೆ."

"ಹೌದಾ?"

"ಹೂಂ. ಎರಡು ವರ್ಷದ ಹಿಂದೆ ಬದಲಾಯ್ಸಿದ್ರಲ್ಲ."

ಥೆಲ್ಮಾ ಕೈಲಿದ್ದ ತಟ್ಟೆ ಕೆಳಗಿಟ್ಟಳು. "ಮನೇಲಿ ಮೂರು ಸಲ ಎಣಿಸಿ ನೋಡ್ದೆ. ಪುಸ್ತಕದಲ್ಲೂ ನೋಡ್ದೆ ಅಂತ್ಲೇ ನೆನಪು. ಸರಿ ಬಿಡು, ನೀನು ಹೇಳಿದ ಮೇಲೆ ಮುಗೀತು." ಅವಳು ಪೈ ಕತ್ತರಿಸಿ ದೊಡ್ಡ ತುಂಡನ್ನು ಅವನ ಕಡೆ ಸರಿಸಿದಳು.

ಅಂದು ಆಟ ಒಂದೊಂದು ಗೋಲಿಗೆ ಸಮವಾಯಿತು. ಎಡ್ವಿನ್ ಒಂದು ಗೋಲನ್ನೂ ನೋಡಲಿಲ್ಲ. ಸುಳ್ಳು ಅಷ್ಟು ಸಲೀಸಾಗಿ ಬಾಯಿಂದ ಬಂದದ್ದೇ ಅವನಿಗೆ ಆಶ್ಚರ್ಯ. ಇಲ್ಲದ ನಿಯಮಕ್ಕೆ ವರ್ಷವನ್ನೂ ಸೇರಿಸಿ ಹೇಳಿದ್ದ.

ಬುಧವಾರ ಅವನು ಕ್ಲಬ್ಬಿನ ಅಧ್ಯಕ್ಷ ರೇಮಂಡ್ ಲೇಡ್ಲರ್‌ನ ಮಾಂಸದಂಗಡಿಗೆ ಹೋದ. ಗಿರಾಕಿಗಳು ಹೋಗುವ ತನಕ ಕಾದು ವಿಷಯ ಹೇಳಿದ. ಲೇಡ್ಲರ್ ಕತ್ತಿ ಕೆಳಗಿಡದೆಯೇ ಕೇಳಿಸಿಕೊಂಡ.

"ಲೀಗಿನವರು ಏನಾದ್ರೂ ಕೇಳಿದ್ರಾ?"

"ಇಲ್ಲ."

"ಆ ಹೆಂಗಸು?"

"ಕೇಳಿದ್ಲು. ಲೆಕ್ಕಕ್ಕೆ ಬರತ್ತೆ ಅಂದೆ."

"ಮತ್ತೆ? ಮುಗೀತಲ್ಲ." ಲೇಡ್ಲರ್ ಕೈ ಒರೆಸಿಕೊಂಡ. "ನೋಡು ಎಡ್ವಿನ್, ಈ ಕೌಂಟಿಯಲ್ಲಿ ಇದನ್ನೆಲ್ಲ ಎಣಿಸೋ ಹುಚ್ಚ ನೀನೊಬ್ಬನೇ. ನೀನು ಸುಮ್ನಿದ್ರೆ ಲೋಕವೇ ಸುಮ್ನೆ. ಬಾಯಿಗೆ ಬೀಗ ಹಾಕ್ಕೊಂಡು ಹತ್ತು ದಿನ ಮನೇಲಿ ತೋಟ ಅಗೀತಿರು."

"ತಪ್ಪು ನಂದು, ರೇಮಂಡ್."

"ನಿಂದೇ. ಅದಕ್ಕೆ ಊರಿಗೆಲ್ಲ ಯಾಕೆ ಶಿಕ್ಷೆ ಕೊಡಿಸ್ತೀಯ?"

ನಿಜ ಹೇಳಬೇಕೆಂದರೆ ಈ ಮಾತು ಕೇಳಿ ಎಡ್ವಿನ್‌ಗೆ ಸಮಾಧಾನವೇ ಆಯಿತು. ಲೇಡ್ಲರ್ ಕಾಗದದಲ್ಲಿ ಸುತ್ತಿ ಕೊಟ್ಟ ಸಾಸೇಜನ್ನು ಬೇಡವೆನ್ನದೆ ತೆಗೆದುಕೊಂಡು ಮನೆಗೆ ಬಂದ.

ಸಮಾಧಾನ ಸಾಸೇಜು ಮುಗಿಯುವ ತನಕವೂ ಉಳಿಯಲಿಲ್ಲ. ಉಗುಳುವಂತಿಲ್ಲ, ನುಂಗುವಂತಿಲ್ಲ, ಬಿಸಿ ತುಪ್ಪ. ಬೀದಿಯಲ್ಲಿ ಯಾರಾದರೂ "ಏನ್ ಬಿಲ್ಲೆ, ಎಣಿಕೆ ಸರಿ ಇದ್ಯಾ?" ಎಂದು ಎಂದಿನ ತಮಾಷೆ ಮಾಡಿದರೆ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಫೋನು ಬಂದರೆ ಮ್ಯೂರಿಯಲ್‌ಗೇ ಎತ್ತಲು ಹೇಳುತ್ತಿದ್ದ. ಮ್ಯೂರಿಯಲ್ ಗಣಿಯ ಕ್ಯಾಂಟೀನಿನಲ್ಲಿ ಮುನ್ನೂರು ಗಂಡಸರಿಗೆ ಬಡಿಸಿದವಳು. ಊಟ ಬಿಟ್ಟವನ ಮುಖ ನೋಡಿದರೆ ಅವಳಿಗೆ ಗೊತ್ತಾಗುತ್ತದೆ. ಮೂರನೇ ದಿನ ಬಾಯಿ ಬಿಡಿಸಿದಳು.

"ಎಣಿಕೆ ತಪ್ಪಿದ್ದಕ್ಕೆ ನಾನೇನೂ ಅನ್ನಲ್ಲ. ವಯಸ್ಸಾಯ್ತು, ಮಂಜು ಬೇರೆ. ಥೆಲ್ಮಾಗೆ ಯಾಕೆ ಸುಳ್ಳು ಹೇಳ್ದೆ?"

"ಬಾಯಿಗೆ ಬಂತು."

"ಬಾಯಿಗೆ ಬಂದಿದ್ದನ್ನೆಲ್ಲ ಆಡೋಕೆ ನೀನೇನು ಸ್ಟೊಬಾರ್ಟಾ?" ಎಂದು ಅವಳು ತಟ್ಟೆ ಎತ್ತಿಕೊಂಡು ಹೋದಳು. ಆಮೇಲೆ ಆ ಮಾತು ತೆಗೆಯಲಿಲ್ಲ. ತೆಗೆದು ಬೈದಿದ್ದರೆ ಚೆನ್ನಾಗಿತ್ತು.

ಕಡೆಯ ಶನಿವಾರ ಸ್ಕೆಲ್‌ಬೆಕ್ ಆಟವನ್ನು ಸಮ ಮಾಡಿಕೊಂಡಿತು, ಮ್ಯಾರಿಕ್ ಬ್ರಿಜ್ ಸೋತಿತು. ಸ್ಕೆಲ್‌ಬೆಕ್‌ಗೆ ಮೂವತ್ತಾರು ಪಾಯಿಂಟು, ಮ್ಯಾರಿಕ್‌ಗೆ ಮೂವತ್ತನಾಲ್ಕು. ಕ್ಲಬ್ಬಿನ ಬಾರಿನಲ್ಲಿ ಜನ ಕುರ್ಚಿ ಹತ್ತಿ ಹಾಡಿದರು. ಸ್ಟೊಬಾರ್ಟ್ ಬಿಯರು ಚೆಲ್ಲುತ್ತಾ ಬಂದು ಎಡ್ವಿನ್‌ನ ಬೋಳುತಲೆಗೆ ಮುತ್ತು ಕೊಟ್ಟ. "ಬಿಲ್ಲೆ ತಾತ, ನಾನು ಇನ್ನೆರಡು ವಾರ ಹೊರಗೆ ಕೂತಿದ್ರೆ ನಾವು ಮುಳುಗಿಹೋಗ್ತಿದ್ವಿ ನೋಡು. ಕರೆಕ್ಟ್ ಟೈಮಿಗೆ ಮೇಲಕ್ಕೆ ಹತ್ತಿಸ್ದೆ." ಎಲ್ಲರೂ ನಕ್ಕರು. ದೂರದಿಂದ ಲೇಡ್ಲರ್ ಗ್ಲಾಸು ಎತ್ತಿ ತೋರಿಸಿದ. ಎಡ್ವಿನ್ ನಗುವ ಹಾಗೆ ಮುಖ ಮಾಡಿಕೊಂಡು ಅರ್ಧ ಗ್ಲಾಸು ಬಿಟ್ಟು ಮನೆಗೆ ಹೋದ.

ಭಾನುವಾರ ಬೆಳಿಗ್ಗೆ ಫೋನು ಬಂತು. ಮ್ಯೂರಿಯಲ್ ಎತ್ತಿ ಕೇಳಿಸಿಕೊಂಡು, ಈ ಸಲ ಛೇಡಿಸದೆ ಅವನ ಕೈಗೆ ಕೊಟ್ಟಳು.

"ಅಭಿನಂದನೆ ಹೇಳೋಣ ಅಂತ" ಎಂದಳು ಥೆಲ್ಮಾ. "ಹೊಟ್ಟೆ ಉರೀತಿದೆ, ಆದ್ರೂ ಹೇಳ್ಬೇಕಲ್ಲ. ಇನ್ನೊಂದು ವಿಷಯ. ನಾನು ಕಾರ್ಯದರ್ಶಿ ಕೆಲಸ ಬಿಡ್ತಾ ಇದೀನಿ. ಕಾಗದ ಬರೆದಾಯ್ತು."

"ಇಳಿದಿದ್ದಕ್ಕಾ?"

"ಅಲ್ಲಪ್ಪ. ಇಳಿಯೋದು ಏರೋದು ಇದ್ದಿದ್ದೇ." "ನಮ್ಮಮ್ಮಂಗೆ ಅರವತ್ತೊಂಬತ್ತಕ್ಕೆ ಶುರುವಾಗಿತ್ತು, ಎಡ್ವಿನ್. ಮೊದಲು ತಾರೀಖು ತಪ್ತಾ ಇದ್ಲು. ಆಮೇಲೆ ನಮ್ಮ ಹೆಸರು. ಆ ರದ್ದಾದ ಆಟದ ವಿಚಾರ ಇದೆಯಲ್ಲ, ನನಗೆ ಅಷ್ಟು ಗ್ಯಾರಂಟಿ ಇತ್ತು. ಪುಸ್ತಕದಲ್ಲಿ ಆ ಸಾಲು ಓದಿದ ಹಂಗೇ ಇತ್ತು ಕಣ್ಮುಂದೆ. ನೀನು ಬದಲಾಯ್ಸಿದ್ರು ಅಂದ್ಮೇಲೆ ಮತ್ತೆ ಪುಸ್ತಕ ತೆಗೆಯೋಕೂ ಭಯ ಆಯ್ತು. ನಿನ್ನ ಎಣಿಕೆಗೂ ನನ್ನ ಎಣಿಕೆಗೂ ಹೊಂದದೇ ಹೋದ್ರೆ ತಪ್ಪಿರೋದು ನಂದೇ ತಾನೇ? ಗುರುವಾರ ಡಾಕ್ಟರ ಹತ್ರ ಹೋಗ್ತಾ ಇದೀನಿ. ಮಗಳಿಗೆ ಇನ್ನೂ ಹೇಳಿಲ್ಲ."

ಎಡ್ವಿನ್ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದ. ಮೂರು ಪಾಯಿಂಟನ್ನು ಅವನು ಹನ್ನೆರಡು ದಿನ ಹೊತ್ತಿದ್ದ, ಇನ್ನೂ ಹೊತ್ತುಕೊಂಡಿರುತ್ತಿದ್ದನೇನೋ. ಇದನ್ನು ಹೊರಲಾಗಲಿಲ್ಲ.

"ಡಾಕ್ಟರ ಹತ್ರ ಹೋಗ್ಬೇಡ ಥೆಲ್ಮಾ" ಎಂದ. "ನಿನ್ನ ಎಣಿಕೆ ಸರಿ ಇದೆ. ರದ್ದಾದ ಆಟ ಲೆಕ್ಕಕ್ಕೆ ಬರಲ್ಲ. ಯಾರೂ ಏನೂ ಬದಲಾಯ್ಸಿಲ್ಲ. ನಾನು ತಪ್ಪಿದ್ದೆ. ನೀನು ಕೇಳಿದಾಗ ಗೊತ್ತಿದ್ದೇ ಸುಳ್ಳು ಹೇಳ್ದೆ."

ಸುತ್ತಿಕೊಂಡಿದ್ದ ತಂತಿಯನ್ನು ಬೆರಳಿನಿಂದ ಬಿಚ್ಚಿದ.

"ನಾಳೆ ಲೀಗಿಗೆ ನಾನೇ ಹೇಳ್ತೀನಿ" ಎಂದ.

"ಹನ್ನೆರಡು ದಿನ" ಎಂದಳು ಥೆಲ್ಮಾ. ದನಿ ಏರಲಿಲ್ಲ. "ಹನ್ನೆರಡು ದಿನ ಬೆಳಿಗ್ಗೆ ಎದ್ದು ಕನ್ನಡಿ ಮುಂದೆ ನಿಂತ್ಕೊಂಡು ಮಕ್ಕಳು ಮೊಮ್ಮಕ್ಕಳ ಹೆಸರು ಹೇಳ್ಕೊಂಡಿದೀನಿ, ಎಡ್ವಿನ್. ಮರೆತಿದೀನಾ ಅಂತ ನೋಡೋಕೆ." ಫೋನು ಇಟ್ಟಳು.

ಸೋಮವಾರ ಎಡ್ವಿನ್ ಲೀಗಿನ ಕಚೇರಿಗೆ ಹೇಳಿದ, ಕಾಗದವನ್ನೂ ಬರೆದ. ಲೇಡ್ಲರ್‌ನ ಹೆಸರನ್ನು ಎಲ್ಲೂ ತರಲಿಲ್ಲ. ವಿಚಾರಣೆಯಲ್ಲಿ ಮೂವರು ದೊಡ್ಡಮನುಷ್ಯರು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಮೂವತ್ತಾರು ಮೂವತ್ತಮೂರಾಯಿತು. ಮ್ಯಾರಿಕ್ ಬ್ರಿಜ್ ಉಳಿಯಿತು, ಸ್ಕೆಲ್‌ಬೆಕ್ ಇಳಿಯಿತು.

ಊರು ಅವನನ್ನು ಹೊಡೆಯಲಿಲ್ಲ, ಕಿಟಕಿಗೆ ಕಲ್ಲು ತೂರಲಿಲ್ಲ. ರೊಟ್ಟಿ ಅಂಗಡಿಯಲ್ಲಿ ಅವನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಸ್ಟೊಬಾರ್ಟ್ ಜೂನ್‌ನಲ್ಲೇ ಬೇರೆ ಕ್ಲಬ್ಬಿಗೆ ಹೋದ. ಹೋಗುವ ಮುಂಚೆ ದಾರಿಯಲ್ಲಿ ಎದುರಾಗಿ, "ನನ್ನ ಗೋಲು ಅದು, ತಾತ. ನನ್ನ ಜೀವಮಾನದ ಗೋಲು. ಅದನ್ನೇ ಇಲ್ಲ ಅನ್ನಿಸ್ಬಿಟ್ಯಲ್ಲ" ಎಂದ. ಬೈಗುಳ ಬರುತ್ತದೆ ಎಂದು ಕಾದಿದ್ದ ಎಡ್ವಿನ್‌ಗೆ ಇದು ಬೈಗುಳಕ್ಕಿಂತ ನೋವಾಯಿತು.

ಎಡ್ವಿನ್ ಕಾರ್ಯದರ್ಶಿ ಕೆಲಸಕ್ಕೆ ರಾಜೀನಾಮೆ ಕೊಟ್ಟ. ಲೇಡ್ಲರ್ ಅದನ್ನು ಓದಿ ಮಾಂಸ ಸುತ್ತುವ ಕಾಗದದ ಕಟ್ಟಿನ ಮೇಲೆ ಇಟ್ಟ. "ನೀನು ಬಿಟ್ರೆ ಇನ್ಯಾರು ಮಾಡ್ತಾರೆ? ನಾಲ್ಕು ಜನರನ್ನ ಕೇಳ್ದೆ. ಎಲ್ರಿಗೂ ಬೆನ್ನು ನೋವು." ಅವನು ಎಡ್ವಿನ್‌ನ ಮುಖ ನೋಡಲಿಲ್ಲ. ಸಾಸೇಜನ್ನೂ ಕೊಡಲಿಲ್ಲ.

ಥೆಲ್ಮಾ ರಾಜೀನಾಮೆಯನ್ನು ಹಿಂದಕ್ಕೆ ತೆಗೆದುಕೊಂಡಳು ಎಂಬ ಸುದ್ದಿ ಯಾರಿಂದಲೋ ಬಂತು. ಡಾಕ್ಟರನ್ನು ನೋಡಿದಳಂತೆ, ತಲೆ ಗಟ್ಟಿಯಾಗಿದೆ ಎಂದರಂತೆ. ಜುಲೈನಲ್ಲಿ ಎಡ್ವಿನ್ ಎರಡು ಸಲ ಅವಳ ನಂಬರು ಒತ್ತಿ, ಗಂಟೆ ಬಾರಿಸುವ ಮೊದಲೇ ಇಟ್ಟ. ಬೇರೆ ಬೇರೆ ಲೀಗು, ಕಾಲುಚೀಲದ ಬಣ್ಣ ಕೇಳಲು ಇನ್ನು ಕಾರಣವೂ ಇರಲಿಲ್ಲ.

ಆಗಸ್ಟಿನ ಮೊದಲ ಶನಿವಾರ ಕೆಳಗಿನ ಲೀಗಿನ ಮೊದಲ ಆಟ. ಬಂದವರು ಅರವತ್ತು ಜನ. ಹಿಂದಿನ ವರ್ಷದ ಶಿಕ್ಷೆ ಬಾಕಿ ಇದ್ದ ಇಬ್ಬರು ಆಟಗಾರರು ಅಂದು ಹೊರಗೆ ಕೂತಿದ್ದರು. ಅರ್ಧ ವಿರಾಮಕ್ಕೆ ಎಡ್ವಿನ್ ಗೂಡಿಗೆ ಹೋಗಿ ಕೆಟಲ್ ಇಟ್ಟ. ಕೈ ಹಲಗೆಯ ಕಡೆ ಹೋಯಿತು, ಅವನೇ ತಡೆದ. ಆಟ ಪೂರ್ತಿ ಮುಗಿಯಲಿ.

ರೆಫರಿ ಕಡೆಯ ಸೀಟಿ ಊದಿದ ಮೇಲೆ, ಅತಿಥಿಗಳ ಬಸ್ಸು ಹೊರಟ ಮೇಲೆ, ಅವನು ಮತ್ತೆ ಒಳಗೆ ಬಂದ. ಅಷ್ಟರಲ್ಲಿ ಯಾರೋ ಬಂದು ಎರಡೂ ಬಿಲ್ಲೆಗಳನ್ನು ಬದಲಿಸಿ ಹೋಗಿದ್ದರು. ಪಕ್ಕದಲ್ಲಿ ಪಿನ್ನು ಚುಚ್ಚಿದ ಹೊಸ ಕಾಗದ, ಮಾಂಸದಂಗಡಿಯದು. ಅದರಲ್ಲಿ ಲೇಡ್ಲರ್‌ನ ದಪ್ಪ ಅಕ್ಷರದಲ್ಲಿ ಇಬ್ಬರ ಹೆಸರು, ಆದ ಆಟ, ಉಳಿದ ಆಟ, ಕೆಳಗೆ ಸಹಿ. ಎಡ್ವಿನ್ ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಬೆರಳಿಟ್ಟು ಎಣಿಸಿದ. ಎಲ್ಲ ಸರಿಯಾಗಿತ್ತು. ಎಣಿಕೆ ಈಗ ಲೇಡ್ಲರ್‌ನ ಕೈಗೆ ಹೋಗಿತ್ತು. ಎಡ್ವಿನ್ ಮಾಡಲು ಅಲ್ಲಿ ಏನೂ ಉಳಿದಿರಲಿಲ್ಲ, ಲೋಟಗಳನ್ನು ತೊಳೆದಿಟ್ಟು ಬಾಗಿಲು ಹಾಕಿಕೊಂಡು ಮನೆಗೆ ಹೊರಟ.